ಬೊಕ್ಕಸದ ಕಾಯಕ

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸಮರ್ಪಿಸುವುದು ಶರಣಧರ್ಮದ ತ್ರಿವಿಧ ದಾಸೋಹವೆನಿಸಿದೆ. ಈ ಮೂರರಲ್ಲಿ ತನುಮನಗಳು ಹುಟ್ಟಿನೊಡನೆಯೇ ಬಂದವು. ಅವುಗಳನ್ನು ತನ್ನವೆಂದು ಬಗೆಯುವುದು ಜೀವನಿಗೆ ಸಹಜವಾದ ಭ್ರಮೆ. ಧನವಾದರೋ ಹೊರಗಿನಿಂದ ಬಂದುದು. ನಿನ್ನೆ ಒಬ್ಬರ ಕೈಯಲ್ಲಿದ್ದುದು ಇಂದು ಇನ್ನೊಬ್ಬರ ಕೈಯಲ್ಲಿದೆ; ನಾಳೆ ಮತ್ತೊಬ್ಬರಲ್ಲಿಗೆ ಹೋಗುತ್ತದೆ. ಹೀಗಿದ್ದರೂ ಮನುಷ್ಯನು ಮೂರರಲ್ಲಿ ಧನವನ್ನೇ ಎಲ್ಲಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಹೆರರ ಹಣವನ್ನು ಕೈಯಲ್ಲಿ ಹಿಡಿದು ಎಣಿಸುವುದೇ ಒಬ್ಬನ ಉದ್ಯೋಗವಾದಾಗ ಈ ಹಿಡಿತದ ಪರೀಕ್ಷೆಯು ದಿನದಿನವೂ ನಡೆಯುತ್ತದೆ.

ಈಚೆಗೆ ಅನೇಕ ಸದ್ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆಯು ಕೇಳಿಬರುತ್ತಿದೆ. ಮಗನೋ ಮಗಳೋ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರವನ್ನು ಓದುತ್ತಿರುತ್ತಾರೆ. ಮುಂದೆ ಬ್ಯಾಂಕು, ಲೆಕ್ಕ ಪರಿಶೋಧನೆ, ವಿಮೆ, ಷೇರುಪೇಟೆ ಮುಂತಾದ ಹಣಕಾಸಿನ ಉದ್ಯೋಗವನ್ನು ಹಿಡಿಯಬೇಕೆಂಬುದು ಅವರ ಆಸೆ. ಹಿರಿಯರಲ್ಲಿ ಕೆಲವರು, “ಹಣದ ವ್ಯವಹಾರವು ಸುಳ್ಳಿನ ಸಂತೆ, ಲಿಂಗಧಾರಿಗೆ ಅದು ಸಲ್ಲದು” ಎನ್ನುತ್ತಾರೆ. ಮತ್ತೆ ಕೆಲವರು, “ಬೇಗನೆ ಸಿರಿವಂತನಾಗುವ ದಾರಿ ಅದೊಂದೇ, ಹೋಗಲಿ” ಎನ್ನುತ್ತಾರೆ. ಈ ಎರಡು ಮಾತುಗಳೂ ಹಣವನ್ನು ನೋಡುತ್ತವೆ. ಹಣದ ಹಿಂದಿರುವ ಮನುಷ್ಯನನ್ನು ನೋಡುವುದಿಲ್ಲ. ಈ ಉದ್ಯೋಗವು ಕಾಯಕವಾಗುವುದು ಯಾವಾಗ, ಬರಿಯ ಹೊಟ್ಟೆಪಾಡಾಗುವುದು ಯಾವಾಗ, ಪಾತಕವಾಗುವುದು ಯಾವಾಗ ಎಂಬುದನ್ನು ಶರಣರ ನಡೆಯ ಬೆಳಕಿನಲ್ಲಿಯೇ ವಿಚಾರಿಸತಕ್ಕದ್ದು.

ಕಲ್ಯಾಣದ ಶರಣರೆಂದೊಡನೆ ನೇಕಾರ, ಅಂಬಿಗ, ಮಡಿವಾಳ, ಚಮ್ಮಾರ ಇವರ ನೆನಪು ಬರುತ್ತದೆ. ಅವರೊಡನೆ ಹಣದ ಕೆಲಸ ಮಾಡುವವರೂ ಅನುಭವ ಮಂಟಪದಲ್ಲಿ ಕುಳಿತಿದ್ದರೆಂಬುದನ್ನು ಬಹುಜನರು ಮರೆಯುತ್ತಾರೆ. ಸೊಡ್ಡಳ ಬಾಚರಸರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿದ್ದರು. ಸುಂಕದ ಬಂಕಣ್ಣನವರದು ಸುಂಕವೆತ್ತುವ ಕಾಯಕ. ಬೊಕ್ಕಸದ ಚಿಕ್ಕಣ್ಣನವರ ಕಾಯಕವು ಅವರ ಹೆಸರಿನಲ್ಲಿಯೇ ಇದೆ. ಇವರಾರೂ ಶರಣರಾದ ಮೇಲೆ ಲೆಕ್ಕದ ಕಡತವನ್ನು ಬಿಸುಟು ಕಾಡಿಗೆ ಹೋಗಲಿಲ್ಲ. ತಮ್ಮ ಕೆಲಸದ ಮಾತುಗಳಿಂದಲೇ ವಚನಗಳನ್ನು ಕಟ್ಟಿದರು. ಎಲ್ಲರಿಗೂ ಮಿಗಿಲಾಗಿ ಬಸವಣ್ಣನವರೇ ಕರಣಿಕರಾಗಿ ಕಾಯಕವನ್ನಾರಂಭಿಸಿ ಭಂಡಾರಿಗಳಾದವರು. ಇಷ್ಟು ಮಂದಿ ಶರಣರು ನಡೆದ ದಾರಿಯನ್ನು ಲಿಂಗಧಾರಿಗೆ ಸಲ್ಲದ ದಾರಿಯೆನ್ನುವುದು ಹೇಗೆ?

ಬಸವಪುರಾಣದಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ಮನನ ಮಾಡಬೇಕು. ಭಂಡಾರಿ ಬಸವಣ್ಣನು ಅರಸನ ಬೊಕ್ಕಸವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾನೆಂದು ಅಸೂಯಾಪರರು ಬಿಜ್ಜಳನ ಕಿವಿಯಲ್ಲಿ ಊದಿದರು. ಅರಸನು ಲೆಕ್ಕವನ್ನು ಕೇಳಿದನು. ಬಸವಣ್ಣನವರು ಬೊಕ್ಕಸವನ್ನು ತೆರೆಯಿಸಿ ಎಣಿಸಲು ಹೇಳಿದರು. ಎಣಿಸಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲ. ಈ ಕಥೆಯನ್ನು ಪವಾಡವೆಂದು ಕೈಮುಗಿದು ಮುಂದೆ ಹೋಗುವವರೇ ಹೆಚ್ಚು. ಅದರಲ್ಲಿ ಹಣದ ಕೆಲಸದವರಿಗೆ ಬೇಕಾದ ಪಾಠವೊಂದುಂಟು. ಲೆಕ್ಕ ಕೇಳಿದಾಗ ಭಂಡಾರಿಯು ಸಿಟ್ಟಾಗಲಿಲ್ಲ. “ನನ್ನಲ್ಲಿ ನಂಬಿಕೆಯಿಲ್ಲವೇ?” ಎಂದು ಮುನಿಯಲಿಲ್ಲ. ನಾಲ್ಕು ದಿನದ ಅವಧಿಯನ್ನೂ ಬೇಡಲಿಲ್ಲ. ಬೀಗದ ಕೈ ತನ್ನ ಬಳಿಯಲ್ಲಿದ್ದರೂ ಬೊಕ್ಕಸವು ತನ್ನದಲ್ಲವೆಂದು ಅರಿತವನು ಮಾತ್ರ ಹಾಗೆ ನಿಲ್ಲಬಲ್ಲನು. ಇಂದು ಲೆಕ್ಕ ಪರಿಶೋಧನೆ ಎಂದು ಕರೆಯುವ ಕ್ರಮದ ಒಳತಿರುಳು ಇದೇ ಆಗಿದೆ.

ಇದನ್ನು ಮನದಟ್ಟು ಮಾಡಿಕೊಳ್ಳುವುದಕ್ಕೆ ಒಬ್ಬ ವಿದ್ಯಾರ್ಥಿಯ ದೃಷ್ಟಾಂತವು ಸಹಾಯಕವಾಗುವುದು. ಅವನು ಗದಗ ಸೀಮೆಯ ಒಬ್ಬ ಒಕ್ಕಲಿಗ ಭಕ್ತರ ಮಗ, ಹುಬ್ಬಳ್ಳಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದನು. ತಂದೆಯು ಒಣಮೆಣಸಿನಕಾಯಿಯನ್ನು ಬ್ಯಾಡಗಿಯ ಪೇಟೆಯಲ್ಲಿ ಮಾರಿ, ಕೋಣೆಯ ಬಾಡಿಗೆ, ಖಾನಾವಳಿ, ಪರೀಕ್ಷೆಯ ಶುಲ್ಕಗಳಿಗೆಂದು 42,000 ರೂಪಾಯಿಗಳನ್ನು ಮಗನ ಖಾತೆಗೆ ಹಾಕಿದನು. ಹುಡುಗನು ಮೊಬೈಲಿನಲ್ಲಿ ಷೇರುಪೇಟೆಯ ಬೋಧಕರೆನಿಸಿಕೊಂಡವರ ಮಾತುಗಳನ್ನು ಕೇಳುತ್ತಿದ್ದನು. ಹಣಕಾಸಿನ ಉದ್ಯೋಗವೆಂದರೆ ಅದೇ ಎಂದು ಅವನ ಭಾವನೆ. ಸೂಚ್ಯಂಕವು ಇಂತಿಷ್ಟು ಏರುವುದೆಂದು ನಂಬಿ ಆಪ್ಷನ್ ಎಂಬ ಕರಾರುಗಳನ್ನು ಕೊಳ್ಳತೊಡಗಿದನು. ಮೊದಲ ವಾರ 6,000 ರೂಪಾಯಿ ಲಾಭ ಬಂದಿತು. ಐದನೆಯ ವಾರ ಮುಗಿಯುವಷ್ಟರಲ್ಲಿ ಆ ಲಾಭವೂ ಹೋಗಿ, ತಂದೆಯ ಹಣದಲ್ಲಿ 34,000 ರೂಪಾಯಿಗಳೂ ಹೋಗಿದ್ದವು.

ಆ ವ್ಯಾಪಾರದ ರೀತಿಯನ್ನು ಗೃಹಸ್ಥರು ಅರಿತಿರುವುದು ಲೇಸು. ಇಂತಹ ಕರಾರನ್ನು ಕೊಂಡವನು ಗೊತ್ತಾದ ದಿನದೊಳಗೆ ಬೆಲೆಯು ತಾನೆಣಿಸಿದ ಕಡೆಗೆ, ತಾನೆಣಿಸಿದಷ್ಟು ಸರಿದರೆ ಮಾತ್ರ ಗೆಲ್ಲುತ್ತಾನೆ. ಬೆಲೆಯು ನಿಂತಲ್ಲೇ ನಿಂತರೂ ಅವಧಿಯು ಸಮೀಪಿಸಿದಂತೆ ಕರಾರಿನ ಬೆಲೆಯು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತದೆ. ಅವಧಿ ಮುಗಿದ ದಿನ ಕೊಟ್ಟ ಹಣವೆಲ್ಲ ಶೂನ್ಯವಾಗಬಹುದು. ಸೆಬಿ ಎಂದು ಪ್ರಸಿದ್ಧವಾದ ಸರಕಾರದ ನಿಯಂತ್ರಣ ಮಂಡಳಿಯು 2024ರ ಸೆಪ್ಟೆಂಬರಿನಲ್ಲಿ ಒಂದು ವರದಿಯನ್ನು ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದ್ದರು. ಅವರ ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಇಷ್ಟು ದೊಡ್ಡ ಅಂಕೆಯೊಳಗೆ ಎಷ್ಟು ಮನೆಗಳ ಮೆಣಸಿನಕಾಯಿಯ ಹಣ, ಎಷ್ಟು ತಾಯಂದಿರ ಬಳೆಯ ಹಣ ಸೇರಿದೆಯೋ ಬಲ್ಲವರಾರು?

ಹುಡುಗನು ಮನೆಗೆ ಸುದ್ದಿಯನ್ನು ಮುಟ್ಟಿಸಲಿಲ್ಲ. ಖಾನಾವಳಿಯನ್ನು ಬಿಟ್ಟು ದಿನವೂ ಮಧ್ಯಾಹ್ನ ಮಠದ ದಾಸೋಹಕ್ಕೆ ಬರತೊಡಗಿದನು. ದಾಸೋಹದ ಲೆಕ್ಕವನ್ನು ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ವೃದ್ಧರು ಬರೆಯುತ್ತಿದ್ದರು. ಅವರು ಹುಡುಗನ ಮುಖವನ್ನು ನಾಲ್ಕು ದಿನ ನೋಡಿದರು. ಐದನೆಯ ದಿನ ಕರೆದು, “ತಮ್ಮಾ, ಏನು ಓದುತ್ತೀ?” ಎಂದು ಕೇಳಿದರು. ಬಿ.ಕಾಂ. ಎಂದು ತಿಳಿದಾಗ ಕಿರ್ದಿ ಖತಾವಣಿಗಳನ್ನು ಅವನ ಮುಂದಿಟ್ಟು, “ಪೆಟ್ಟಿಗೆಯಲ್ಲಿರುವ ಶಿಲ್ಕು ಪುಸ್ತಕದ ಶಿಲ್ಕಿಗಿಂತ 27 ರೂಪಾಯಿ ಹೆಚ್ಚಾಗಿದೆ. ಏಕೆಂದು ನೋಡಿಕೊಡು. ನನ್ನ ಕಣ್ಣು ಮಂಜಾಗಿದೆ” ಎಂದರು.

ಹುಡುಗನು, “ಅಜ್ಜಾರೇ, ಕಡಮೆಯಾಗಿದ್ದರೆ ಚಿಂತಿಸಬೇಕು, ಹೆಚ್ಚಾದುದನ್ನು ಕಾಣಿಕೆಯೆಂದು ಜಮಾ ಮಾಡಿದರಾಯಿತಲ್ಲವೇ?” ಎಂದನು. ವೃದ್ಧರು ತಲೆಯಾಡಿಸಿದರು. “ಕಡಮೆಯಾದುದೂ ತಪ್ಪು, ಹೆಚ್ಚಾದುದೂ ತಪ್ಪು. ಈ ಇಪ್ಪತ್ತೇಳು ಯಾರದೋ ಇದೆ. ಅವರು ಯಾರೆಂದು ಗೊತ್ತಾಗುವವರೆಗೆ ಇದು ಮಠದ್ದಲ್ಲ” ಎಂದರು. ಆಮೇಲೆ ತಮ್ಮ ಕಸುಬಿನ ಗುಟ್ಟೊಂದನ್ನು ಹೇಳಿಕೊಟ್ಟರು: “ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಭಾಗವಾದರೆ ಎಲ್ಲಿಯೋ ಪಕ್ಕಪಕ್ಕದ ಅಂಕೆಗಳು ಹಿಂದುಮುಂದಾಗಿರುವ ಸಂಭವವುಂಟು. ಇಪ್ಪತ್ತೇಳನ್ನು ಭಾಗಿಸಿದರೆ ಮೂರು. ಆದುದರಿಂದ ಒಂದಕ್ಕೊಂದು ಮೂರರ ಅಂತರವುಳ್ಳ ಅಂಕೆಗಳನ್ನು ಹುಡುಕು.”

ಎರಡು ಸಂಜೆ ಹುಡುಕಿದ ಮೇಲೆ ದೊರಕಿತು. ಒಂದು ಹಳ್ಳಿಯ ಭಕ್ತರು ಕೂಡಿ ದಾಸೋಹಕ್ಕೆಂದು ಕಳುಹಿಸಿದ ಹಣವು ಪಾವತಿ ಪುಸ್ತಕದಲ್ಲಿ 3,485 ಎಂದಿದ್ದಿತು. ಕಿರ್ದಿಯಲ್ಲಿ 3,458 ಎಂದು ಬಿದ್ದಿತ್ತು. ಪಾವತಿಯೊಡನೆ ಹಚ್ಚಿದ ಚೀಟಿಯಲ್ಲಿ ಆ ಹಳ್ಳಿಯವರ ಹೆಸರುಗಳಿದ್ದವು. ಐದು ರೂಪಾಯಿ ಕೊಟ್ಟವರುಂಟು, ಹತ್ತು ಕೊಟ್ಟವರುಂಟು. ಹುಡುಗನು ಆ ಚೀಟಿಯನ್ನು ಬಹಳ ಹೊತ್ತು ನೋಡುತ್ತ ಕುಳಿತನು. ಅಂದಿನವರೆಗೆ ಅವನಿಗೆ ಅಂಕೆಗಳೆಂದರೆ ಮೊಬೈಲಿನ ಪರದೆಯ ಮೇಲೆ ಹಸಿರಾಗಿ ಕೆಂಪಾಗಿ ಹಾರುವ ಚುಕ್ಕೆಗಳು. ಒಂದೊಂದು ಅಂಕೆಯ ಬೆನ್ನಿಗೆ ಒಬ್ಬೊಬ್ಬ ಮನುಷ್ಯನು ನಿಂತಿರುವನೆಂದು ಅವನು ಕಂಡುದು ಅಂದೇ ಮೊದಲು. ತನ್ನ ಮೂವತ್ತುನಾಲ್ಕು ಸಾವಿರದ ಬೆನ್ನಿಗೆ ಯಾರು ನಿಂತಿದ್ದರೆಂಬುದೂ ಆಗಲೇ ಹೊಳೆಯಿತು.

ಆ ಶನಿವಾರ ಊರಿಗೆ ಹೋಗಿ ತಂದೆಗೆ ಇದ್ದುದನ್ನು ಇದ್ದಂತೆ ಹೇಳಿದನು. ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ಕೇಳಿದುದು ಇಷ್ಟೇ: “ಹಾಗಾದರೆ ಇಷ್ಟು ದಿನ ಊಟಕ್ಕೇನು ಮಾಡಿದೆಯೋ ತಮ್ಮಾ?” ಹುಡುಗನಿಗೆ ಉತ್ತರವು ಗಂಟಲಲ್ಲಿಯೇ ಉಳಿಯಿತು. ಅವನು ಮರುವಾರದಿಂದ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಸಂಜೆಯ ಹೊತ್ತು ಅಂಗಡಿಕಾರರ ಜಿ.ಎಸ್.ಟಿ. ಲೆಕ್ಕಗಳನ್ನು ಬರೆಯುವ ಕೆಲಸಕ್ಕೆ ನಿಂತು, ಕೂಲಿಯಲ್ಲಿ ಒಂದು ಭಾಗವನ್ನು ತಿಂಗಳು ತಿಂಗಳಿಗೆ ತಂದೆಗೆ ಕಳುಹಿಸಿದನು. ಪದವಿ ಮುಗಿಸಿ ಚಾರ್ಟರ್ಡ್ ಅಕೌಂಟೆಂಟರ ಪರೀಕ್ಷೆಗೆ ಹೆಸರು ಹಚ್ಚಿದನು. ಮೊದಲನೆಯ ಸಲ ತೇರ್ಗಡೆಯಾಗಲಿಲ್ಲ; ಎರಡನೆಯ ಸಲ ತೇರ್ಗಡೆಯಾದನು. ಈಗ ಒಬ್ಬ ಪರಿಶೋಧಕರ ಬಳಿ ತರಬೇತಿಯಲ್ಲಿದ್ದಾನೆ. ಅವನು ಸಿರಿವಂತನಾಗುವನೋ ಇಲ್ಲವೋ ಯಾರೂ ಹೇಳಲಾರರು. ತನ್ನ ಕಾಯಕವು ಯಾವುದೆಂಬುದು ಅವನಿಗೆ ಗೊತ್ತಾಗಿದೆ.

ಆ ವೃದ್ಧರು “ಹೆಚ್ಚಾದುದೂ ತಪ್ಪು” ಎಂದ ಮಾತು ಹೊಸತಲ್ಲ. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಕದ್ದ ಅಕ್ಕಿಯಲ್ಲ, ಬೇಡಿದ ಅಕ್ಕಿಯಲ್ಲ. ನೆಲದ ಮೇಲೆ ಬಿದ್ದಿದ್ದ ಅಕ್ಕಿ. ಆದರೂ ಅಂದಿನ ಕಾಯಕಕ್ಕೆ ಮೀರಿದುದು ಮನೆಗೆ ಬರತಕ್ಕುದಲ್ಲವೆಂದು ಆ ತಾಯಿಯು ತೂಕಮಾಡಿ ತಿಳಿದಿದ್ದಳು. ಇಂದಿನ ಹಣಕಾಸಿನ ಉದ್ಯೋಗದಲ್ಲಿ ಆ ಮಿಕ್ಕ ಅಕ್ಕಿಯು ದಲ್ಲಾಳಿ, ಕಮಿಷನ್, ಬಹುಮಾನ, ವಿದೇಶಯಾತ್ರೆ ಮುಂತಾದ ಅನೇಕ ವೇಷಗಳಲ್ಲಿ ಬರುತ್ತದೆ. ನಿವೃತ್ತ ಶಿಕ್ಷಕನೊಬ್ಬನು ಠೇವಣಿಯಿಡಲು ಬಂದರೆ ಅವನಿಗೆ ಹತ್ತು ವರ್ಷ ಕಂತು ಕಟ್ಟುವ ವಿಮೆಯನ್ನು ಠೇವಣಿಯೆಂದೇ ನಂಬಿಸಿ ಮಾರುವವರುಂಟು. ಮಾರಿದವನಿಗೆ ಕಮಿಷನ್ ಬರುತ್ತದೆ. ಎರಡನೆಯ ಕಂತು ಕಟ್ಟಲಾರದೆ ಮುದುಕನು ಮೊದಲನೆಯದರಲ್ಲಿಯೂ ನಷ್ಟ ಹೊಂದುತ್ತಾನೆ. ಇಂತಹ ಗಳಿಕೆಯನ್ನು ಮನೆಗೆ ತಂದವನನ್ನು ಬಾಗಿಲಲ್ಲಿ ನಿಲ್ಲಿಸಿ “ಇದು ಎಲ್ಲಿಯದು?” ಎಂದು ಕೇಳುವ ಲಕ್ಕಮ್ಮನು ಮನೆಮನೆಗೂ ಬೇಕಾಗಿದ್ದಾಳೆ. ಮೋಸಹೋದವರೂ ಒಂದು ವಿಷಯವನ್ನು ತಿಳಿದಿರಬೇಕು: 2024ರ ನಿಯಮಗಳ ಮೇರೆಗೆ ವಿಮಾಪತ್ರವು ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ ಹಣವನ್ನು ಕೇಳುವ ಹಕ್ಕು ಕೊಂಡವನಿಗುಂಟು.

ಇನ್ನು ಹಣಕಾಸಿನ ದಾರಿಗಳು ಯಾವುವೆಂಬುದನ್ನು ನೋಡುವಾ. ವಿದ್ಯಾರ್ಥಿಯು ಸಂಬಳವನ್ನು ಕೇಳುವ ಮೊದಲು ಒಂದೊಂದು ದಾರಿಯಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕೈಗೆ ಬರುವ ಹಣವು ಯಾರದು? ಅದು ಯಾವ ಕೆಲಸಕ್ಕೆ ಹೋಗುತ್ತದೆ? ನಷ್ಟವಾದರೆ ಅಳುವವರು ಯಾರು?

ಪರಿಶೋಧಕನ ದಾರಿಯು ಸಾಕ್ಷಿಯ ದಾರಿ. ಸಂಸತ್ತಿನ ಶಾಸನದಂತೆ 1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಸ್ಥಾಪಿತವಾಯಿತು. ಆ ಸಂಸ್ಥೆಯು ತನ್ನ ಧ್ಯೇಯವಾಕ್ಯವನ್ನು ಕಠೋಪನಿಷತ್ತಿನಿಂದ ಆರಿಸಿಕೊಂಡಿದೆ. ಎಲ್ಲರೂ ಮಲಗಿರುವಾಗ ಎಚ್ಚತ್ತಿರುವ ತತ್ತ್ವವನ್ನು ಅದು ಸೂಚಿಸುತ್ತದೆ. ಪಿ.ಯು.ಸಿ. ಮುಗಿಸಿದವರು ಮೂರು ಹಂತದ ಪರೀಕ್ಷೆಗಳನ್ನು ದಾಟಬೇಕು. ವಾಣಿಜ್ಯ ಪದವೀಧರರು 100ಕ್ಕೆ 55 ಅಂಕಗಳಿದ್ದರೆ ಎರಡನೆಯ ಹಂತಕ್ಕೇ ಸೇರಬಹುದು. ನಡುವೆ ಎರಡು ವರ್ಷ ಅನುಭವಿಗಳ ಕೈಕೆಳಗೆ ತರಬೇತಿ. ಪರೀಕ್ಷೆಯು ಕಠಿನ, ಒಂದೆರಡು ಸಲ ಸೋತವರೇ ಬಹಳ. ಆದರೆ ಬಡವನ ಮಗನಿಗೆ ಇದರಲ್ಲೊಂದು ಅನುಕೂಲವಿದೆ: ದೊಡ್ಡ ಕಾಲೇಜಿನ ಲಕ್ಷಗಟ್ಟಲೆ ಶುಲ್ಕವು ಇದಕ್ಕೆ ಬೇಕಿಲ್ಲ, ತರಬೇತಿಯ ಕಾಲದಲ್ಲಿ ಅಲ್ಪವಾದರೂ ವೇತನವುಂಟು. ಕಾರಖಾನೆಯ ಒಂದೊಂದು ವಸ್ತುವಿಗೆ ತಗಲುವ ವೆಚ್ಚವನ್ನು ತೂಗಿ ಹೇಳುವವರು ಕಾಸ್ಟ್ ಅಕೌಂಟೆಂಟರು. ಅವರ ಸಂಸ್ಥೆಗೆ 1959ರ ಶಾಸನವು ಆಧಾರ.

ಬ್ಯಾಂಕಿನ ದಾರಿಯು ಕನ್ನಡನಾಡಿಗೆ ಹಳೆಯ ಪರಿಚಯದ್ದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು; ಭಾರತದ ಸಹಕಾರಿ ಚಳವಳಿಗೆ ಅದು ಮೊದಲ ಹೆಜ್ಜೆಯೆಂದು ಪ್ರಸಿದ್ಧವಾಗಿದೆ. ಸಾಹುಕಾರನ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುತ್ತಿದ್ದವರು ತಮ್ಮ ತಮ್ಮ ಹಣವನ್ನು ಒಂದೆಡೆ ಕೂಡಿಸಿ, ತಮಗೆ ತಾವೇ ಸಾಲ ಕೊಟ್ಟುಕೊಳ್ಳುವ ಈ ಏರ್ಪಾಡಿನಲ್ಲಿ ದಾಸೋಹದ ಸತ್ತ್ವವಿದೆ. ಉಡುಪಿಯಲ್ಲಿ 1925ರಲ್ಲಿ ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು ಆರಂಭವಾದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿತು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಹೊರಡಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಎರಡಾಣೆಯನ್ನು ಗೌರವದಿಂದ ಎಣಿಸಬೇಕೆಂಬ ಪಾಠವು ಉಳಿದಿದೆ. ಇಂದು ಬ್ಯಾಂಕಿನ ಮೇಜಿನ ಹಿಂದೆ ಕುಳಿತುಕೊಳ್ಳುವ ತರುಣನು ತಾನು ಯಾರ ಎರಡಾಣೆಯನ್ನು ಮುಟ್ಟುತ್ತಿರುವೆನೆಂದು ದಿನಕ್ಕೊಮ್ಮೆ ನೆನೆದರೆ ಸಾಕು.

ವಿಮೆಯು ಒಬ್ಬನ ವಿಪತ್ತನ್ನು ನೂರು ಜನ ಹಂಚಿಕೊಳ್ಳುವ ಕ್ರಮ. ಅದನ್ನು ಸರಿಯಾಗಿ ತಿಳಿಸಿ ಮಾರಿದರೆ ವಿಧವೆಯ ಮನೆಗೆ ಅನ್ನ; ಮರೆಮಾಚಿ ಮಾರಿದರೆ ಮುದುಕನ ಮನೆಗೆ ಕಣ್ಣೀರು. ಷೇರುಪೇಟೆಯೂ ಸ್ವತಃ ಪಾಪವಲ್ಲ. ಕಾರಖಾನೆ ಕಟ್ಟುವವನಿಗೆ ಬಂಡವಾಳವು ಬೇಕು. ಉಳಿತಾಯವುಳ್ಳವನು ಅದನ್ನು ಕೊಟ್ಟು ಲಾಭನಷ್ಟಗಳಲ್ಲಿ ಪಾಲುಗಾರನಾಗುತ್ತಾನೆ. ಬಹುಕಾಲ ತಾಳಿ ಒಂದು ಉದ್ಯಮದ ಬೆಳವಣಿಗೆಯಲ್ಲಿ ಪಾಲುಗೊಳ್ಳುವುದು ಬೇಸಾಯದಂತೆ. ನಾಳೆಯ ಬೆಲೆಯ ಮೇಲೆ ಇಂದು ಪಣವೊಡ್ಡುವುದು ಪಗಡೆಯಂತೆ. ಎರಡಕ್ಕೂ ಪೇಟೆಯು ಒಂದೇ ಆಗಿರುವುದರಿಂದ ತರುಣರು ಮೋಸಹೋಗುತ್ತಾರೆ.

ಇಲ್ಲಿ ಒಂದು ಪೂರ್ವಪಕ್ಷವು ಬರುತ್ತದೆ. “ಹಣದ ವ್ಯವಹಾರವೆಲ್ಲ ಬಡ್ಡಿಯ ಮೇಲೆ ನಿಂತಿದೆ; ಬಡ್ಡಿಯು ಬಡವನನ್ನು ತಿನ್ನುತ್ತದೆ; ಅದರಲ್ಲಿ ಕಾಯಕವೆಲ್ಲಿಯದು?” ಎಂಬುದು ಆ ಆಕ್ಷೇಪ. ಬಡ್ಡಿಯನ್ನು ಅರಿಯದವನನ್ನು ಅದು ತಿನ್ನುವುದು ನಿಜ. ಒಂದು ಸುಲಭವಾದ ಲೆಕ್ಕವುಂಟು: 72ನ್ನು ವರ್ಷದ ಬಡ್ಡಿಯ ದರದಿಂದ ಭಾಗಿಸಿದರೆ ಅಸಲು ಎಷ್ಟು ವರ್ಷಕ್ಕೆ ಇಮ್ಮಡಿಯಾಗುವುದೆಂದು ಸುಮಾರಾಗಿ ತಿಳಿಯುತ್ತದೆ. ನೂರಕ್ಕೆ ಏಳರಂತೆ ಇಟ್ಟ ಠೇವಣಿಯು ಹತ್ತು ವರ್ಷಗಳಿಗೆ ಇಮ್ಮಡಿಯಾಗುತ್ತದೆ. ವರ್ಷಕ್ಕೆ ಇಪ್ಪತ್ತನಾಲ್ಕರಂತೆ ತಂದ ಸಾಲವು ಮೂರೇ ವರ್ಷಗಳಿಗೆ ಇಮ್ಮಡಿಯಾಗುತ್ತದೆ. ತಿಂಗಳಿಗೆ ನೂರಕ್ಕೆ ಮೂರರಂತೆ ಚಕ್ರಬಡ್ಡಿ ಬೀಳುವ ಸಾಲದಲ್ಲಿ 10,000 ರೂಪಾಯಿಗಳು ಒಂದೇ ವರ್ಷಕ್ಕೆ ಸುಮಾರು 14,258 ಆಗುತ್ತವೆ. ಇಷ್ಟನ್ನು ಮನೆಯ ತಾಯಂದಿರಿಗೂ ಓಣಿಯ ಜನರಿಗೂ ತಿಳಿಸಿ ಹೇಳುವುದೇ ವಾಣಿಜ್ಯ ವಿದ್ಯಾರ್ಥಿಯ ಮೊದಲ ದಾಸೋಹ. ಅದಕ್ಕೆ ಪದವಿಯ ಪ್ರಮಾಣಪತ್ರವು ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಬಡ್ಡಿಯ ಬಾಯಿಂದ ಬಡವನನ್ನು ಬಿಡಿಸಬಲ್ಲವನು ಬಡ್ಡಿಯನ್ನು ಬಲ್ಲವನೇ ಹೊರತು ಅದಕ್ಕೆ ಹೇಸಿ ದೂರ ಸರಿದವನಲ್ಲ.

ಮತ್ತೊಂದು ಆಕ್ಷೇಪವೂ ಉಂಟು: “ಎಲ್ಲರೂ ಸುಳ್ಳು ಹೇಳುವ ಕಡೆಯಲ್ಲಿ ಒಬ್ಬನು ಸತ್ಯವನ್ನು ಹಿಡಿದು ಬದುಕುವುದೆಂತು?” ಇದಕ್ಕೆ ಉತ್ತರವು ಪಂಚಾಚಾರಗಳಲ್ಲಿಯೇ ಇದೆ. ಲಿಂಗಾಚಾರವು ಏಕನಿಷ್ಠೆ; ಒಂದೇ ಲಿಂಗವನ್ನು ನಂಬಿದವನ ಅಂಗಡಿಯಲ್ಲಿ ಲೆಕ್ಕದ ಪುಸ್ತಕವೂ ಒಂದೇ ಇರಬೇಕು. ಸರಕಾರಕ್ಕೊಂದು, ತನಗೊಂದು ಎಂದು ಎರಡು ಪುಸ್ತಕಗಳನ್ನಿಡುವವನ ಪೂಜೆಯೂ ಎರಡಾಗಿ ಒಡೆಯುತ್ತದೆ. ಸದಾಚಾರವು ಸತ್ಯಶುದ್ಧವಾದ ಗಳಿಕೆ. ಶಿವಾಚಾರವು ಭಕ್ತರಲ್ಲಿ ಭೇದವೆಣಿಸದಿರುವುದು. ಹತ್ತು ಕೋಟಿಯ ಖಾತೆದಾರನಿಗೆ ಕುರ್ಚಿ, ಹತ್ತು ಸಾವಿರದ ಖಾತೆಯ ಮುದುಕಿಗೆ ಗದರಿಕೆ ಎಂಬುದು ಅದಕ್ಕೆ ವಿರುದ್ಧ. ಭೃತ್ಯಾಚಾರವು ತಾನು ಸೇವಕನೆಂಬ ಅರಿವು; ಹಣವನ್ನು ನಂಬಿ ಒಪ್ಪಿಸಿದವನು ಒಡೆಯ, ಕಾಯುವವನು ಆಳು. ಗಣಾಚಾರವು ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ಪರಿಶೋಧಕನಿಗೆ ಅದರ ಅರ್ಥವು ಸ್ಪಷ್ಟವಾಗಿದೆ: ಸುಳ್ಳು ಲೆಕ್ಕಕ್ಕೆ ರುಜು ಹಾಕಲಾರೆನೆಂದು ಲೇಖನಿಯನ್ನು ಕೆಳಗಿಡುವುದು. ಅದರಿಂದ ಒಬ್ಬ ದೊಡ್ಡ ಗಿರಾಕಿಯು ಕೈಬಿಟ್ಟು ಹೋಗಬಹುದು. ಕೆಲವು ವರ್ಷ ಗಳಿಕೆಯು ಕುಗ್ಗಬಹುದು. ಶರಣಮಾರ್ಗವು ನಷ್ಟವಿಲ್ಲದ ಮಾರ್ಗವೆಂದು ಯಾವ ಶರಣರೂ ಹೇಳಲಿಲ್ಲ.

ಕಡೆಯದಾಗಿ ತಾಯಿತಂದೆಗಳಿಗೆ ಒಂದು ಮಾತು. ಮಕ್ಕಳು ಮನೆಗೆ ಬಂದಾಗ ಸಂಬಳವೆಷ್ಟೆಂದು ಕೇಳುವುದು ವಾಡಿಕೆ. ಕೆಲಸವೇನೆಂದು ಕೇಳುವವರು ಕಡಮೆ. ನೆರೆಮನೆಯ ಹುಡುಗನ ವರಮಾನವನ್ನು ಊಟದ ಹೊತ್ತಿನಲ್ಲಿ ಎತ್ತಿ ಆಡಿದರೆ ಹುಡುಗನು ಅಡ್ಡದಾರಿಯನ್ನು ಹುಡುಕುತ್ತಾನೆ. ಆ ದಾರಿಯಲ್ಲಿ ಎಡವಿದಾಗ ಹೇಳಿಕೊಳ್ಳುವುದಕ್ಕೂ ಅಂಜುತ್ತಾನೆ. ಸೋತು ಬಂದ ಮಗನನ್ನು ಮೊದಲು ಊಟಕ್ಕೆಬ್ಬಿಸಿ, ಲೆಕ್ಕವನ್ನು ಆಮೇಲೆ ಕೇಳುವ ಮನೆಯಲ್ಲಿ ಸುಳ್ಳು ಬೆಳೆಯುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾಮಠ ಮೊದಲಾದ ಎಡೆಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರ ಎಣಿಕೆಯಿಲ್ಲ. ಭಕ್ತರು ಮನೆಮನೆಯಿಂದ ಕೊಟ್ಟ ಹಿಡಿಹಿಡಿ ಜೋಳವು ಆ ವಿದ್ಯೆಯ ಬುನಾದಿಯಲ್ಲಿದೆ. ಹೀಗೆ ಸಮಾಜದ ಧನದಿಂದ ಬೆಳೆದ ತರುಣನು ಸಮಾಜದ ಧನವನ್ನೇ ಕಾಯುವ ಉದ್ಯೋಗಕ್ಕೆ ಹೋಗುವುದು ಬಹಳ ಯೋಗ್ಯವಾದುದು. ಅವನು ಗಳಿಸಲಿ, ಮನೆ ಕಟ್ಟಲಿ, ತಾಯಿತಂದೆಗಳನ್ನು ಸುಖವಾಗಿಡಲಿ. ತಿಂಗಳಿಗೊಮ್ಮೆ ತನ್ನ ಊರಿನ ಸಹಕಾರಿ ಸಂಘದ ಲೆಕ್ಕವನ್ನು, ಶಾಲೆಯ ಲೆಕ್ಕವನ್ನು, ಸ್ತ್ರೀಶಕ್ತಿ ಗುಂಪಿನ ತಾಯಂದಿರ ಪುಸ್ತಕವನ್ನು ಕೂಲಿಯಿಲ್ಲದೆ ನೋಡಿಕೊಡಲಿ. ಅದು ಅವನು ಉಂಡ ಜೋಳದ ಮರುಪಾವತಿ.

ಬೊಕ್ಕಸದ ಬೀಗದ ಕೈಯನ್ನು ಹಿಡಿಯಲಿರುವ ತರುಣ ತರುಣಿಯರು ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಅಂಗೈಯನ್ನು ಒಮ್ಮೆ ದಿಟ್ಟಿಸಿ ನೋಡಲಿ. ಇಷ್ಟಲಿಂಗವನ್ನು ಹಿಡಿಯುವ ಕೈಯೇ ಹಗಲೆಲ್ಲ ಹೆರರ ಹಣವನ್ನು ಹಿಡಿಯತಕ್ಕದ್ದು. ಆ ಕೈಯನ್ನು ಶುದ್ಧವಾಗಿಟ್ಟುಕೊಳ್ಳುವ ಶಕ್ತಿಯನ್ನೂ, ಲೆಕ್ಕ ಕೇಳಿದ ದಿನ ತಲೆಯೆತ್ತಿ ಬಾಗಿಲು ತೆರೆಯುವ ಧೈರ್ಯವನ್ನೂ ಬಸವಾದಿ ಪ್ರಮಥರು ಎಲ್ಲರಿಗೂ ಕರುಣಿಸಲಿ.